ಎರಡನೆಯ ಅರ್ಥಕ್ಕೆ ಉದಾಹರಣೆ

೯ ಜನವರಿ

ಮಗಳಿಗೆ,

ನೀನು ಮನೆ ಬಿಟ್ಟ ಒಂಬತ್ತು ವರ್ಷಗಳಲ್ಲಿ ನಾನು ನಿನಗೆ ಬರೆದ ಕಾಗದಗಳು ಮೂರು. ಇದು ನಾಲ್ಕನೆಯದು. ಇದೂ ಕುಶಲ ವಿಚಾರಿಸುವ ಕಾಗದವಲ್ಲ, ಕೆಲಸದ್ದು. ಗಾಬರಿ ಬೀಳದೆ ಕೂತು ಓದು.

ನಮ್ಮ ಎರವಲು ಪದಗಳ ಕೋಶ ಕೊನೆಗೂ 'ಎ' ಅಕ್ಷರಕ್ಕೆ ಬಂದು ನಿಂತಿದೆ. ಪರಭಾಷೆಗಳಿಂದ ಬಂದು ನಮ್ಮ ಜನರ ನಾಲಗೆಯ ಮೇಲೆ ಠಿಕಾಣಿ ಹೂಡಿದ ಮಾತುಗಳಿಗೆಲ್ಲ ಅರ್ಥ ಬರೆಯುವ ಈ ಕೆಲಸದಲ್ಲಿ ನನ್ನ ಮೂವತ್ತೊಂದು ವರ್ಷ ಸವೆದಿದೆ. ಈಗ 'ಎಂಟ್ರಿ' ಎಂಬ ಪದದ ಸರದಿ. ಇಂಗ್ಲಿಷಿನವರು ಅದನ್ನು ಒಂದು ಮಟ್ಟದಲ್ಲಿ ಇಟ್ಟುಕೊಂಡಿದ್ದರು, ನಮ್ಮವರು ಬೀದಿಪಾಲು ಮಾಡಿದ್ದಾರೆ. ಮಳೆ ಬಂದರೆ ಮಳೆ ಎಂಟ್ರಿ ಕೊಡ್ತು, ಅತ್ತೆ ಬಂದರೆ ಅತ್ತೆ ಎಂಟ್ರಿ ಕೊಟ್ರು, ನೆಗಡಿ ಬಂದರೂ ಎಂಟ್ರಿಯೇ. ನಮ್ಮ ಬೀದಿಯ ತುದಿಯಲ್ಲಿ ಕೆಂಪು ಹಲಗೆಯ ಮೇಲೆ ನೋ ಎಂಟ್ರಿ ಎಂದು ಬರೆದಿದೆ. ಎಲ್ಲ ಸ್ಕೂಟರುಗಳೂ ಒಳಗೆ ಬರುವುದು ಅಲ್ಲಿಂದಲೇ. ಬರು ಎಂಬ ಎರಡಕ್ಷರದ ಕ್ರಿಯಾಪದ ಇರುವ ಜನಕ್ಕೆ ಇದರ ದರ್ದು ಏನಿತ್ತೋ ನನಗೆ ತಿಳಿಯದು.

ಈಗ ಸಮಿತಿಯವರು ತಕರಾರು ತೆಗೆದಿದ್ದಾರೆ. ಸಮಿತಿ ಎಂದರೆ ಮೂರು ಜನ. ಒಬ್ಬರು ನಿವೃತ್ತ ಪತ್ರಕರ್ತರು, ಒಬ್ಬರು ಕಾಲೇಜಿನ ಮೇಷ್ಟರು, ಇನ್ನೊಬ್ಬರು ಸಭೆಯಲ್ಲಿ ಬಿಸ್ಕತ್ತು ತಿನ್ನಲೆಂದೇ ನೇಮಕವಾದವರು. ನಾಟಕದವರು ಈ ಪದವನ್ನು ಬಳಸುವ ರೀತಿ ಸೇರದಿದ್ದರೆ ಪದ ಅಪೂರ್ಣವಂತೆ. ಹೇಳಿದ್ದು ಬಿಸ್ಕತ್ತಿನವರು. "ನಿಮ್ಮ ಮಗಳೇ ನಾಟಕದ ಕಂಪನೀಲಿದಾರಲ್ಲ ಸಾರ್, ಒಂದ್ ಮಾತು ಕೇಳ್ಬಿಡಿ" ಎಂದರು. ಉಳಿದಿಬ್ಬರು ಮೇಜು ನೋಡಿದರು.

ನಿಯಮ ನಿನಗೆ ಗೊತ್ತಿದೆ, ಆದರೂ ನಿನ್ನ ವಿಷಯದಲ್ಲಿ ಇನ್ನೊಮ್ಮೆ ಹೇಳುವುದು ಕ್ಷೇಮ. ಒಂದು ಕಾರ್ಡಿಗೆ ಒಂದೇ ಮಾತು. ಕಿವಿಯಾರೆ ಕೇಳಿದ್ದು, ಕೇಳಿದ ಹಾಗೆಯೇ. ಅದರ ಕೆಳಗೆ ಹೇಳಿದವರ ಕಸುಬು. ಹೆಸರು ಬೇಡ, ನಮ್ಮ ಕೋಶದಲ್ಲಿ ಯಾರಿಗೂ ಹೆಸರಿಲ್ಲ. ಆಮೇಲೆ ಜಾಗ, ತಾರೀಖು, ಕೊನೆಯಲ್ಲಿ ಹೇಳಿದವರದೇ ಸಹಿ. ಇಂಥ ಕಾರ್ಡು ಮೂರು ಬೇರೆ ಬೇರೆ ಬಾಯಿಂದ ಬಂದರೆ ಮಾತ್ರ ಒಂದು ಅರ್ಥ ಕೋಶದೊಳಕ್ಕೆ ಹೋಗುತ್ತದೆ.

ಸಹಿಯನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂದು ನೀನು ಕೇಳಲಾರೆ. ನನ್ನ ಸಹಾಯಕಿಯಾಗಿದ್ದಾಗ, ಬಸ್ ನಿಲ್ದಾಣಕ್ಕೆ ಹೋಗಿ ಜನ ಮಾತಾಡುವುದನ್ನು ಕೇಳಿಕೊಂಡು ಬಾ ಎಂದರೆ, ಕಿಟಕಿ ಪಕ್ಕ ಆರಾಮವಾಗಿ ಕೂತು ನಲವತ್ತು ವಾಕ್ಯಗಳನ್ನು ನೀನೇ ಹೆಣೆದು, ನಲವತ್ತು ಬಗೆಯಲ್ಲಿ ಸಹಿ ಗೀಚಿದವಳು ನೀನು. ಇಲ್ಲದ ಕಂಡಕ್ಟರು, ಇಲ್ಲದ ನರ್ಸು, ಇಲ್ಲದ ಗಡಿಯಾರ ರಿಪೇರಿಯವನು. ಅಚ್ಚಿಗೆ ಹೋಗುವ ಹಿಂದಿನ ವಾರ ಸಿಕ್ಕಿಬಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಸಮಿತಿಯ ಮುಂದೆ ಅಂದು ಹೋದ ನನ್ನ ಮಾನ ಇನ್ನೂ ವಾಪಸ್ ಬಂದಿಲ್ಲ. ಸುಳ್ಳು ಹೇಳುವವರೇ ಸಂಬಳ ತೆಗೆದುಕೊಳ್ಳುವ ಕಂಪನಿಯನ್ನು ನೀನು ಆಮೇಲೆ ಸೇರಿಕೊಂಡದ್ದು ನನಗೆ ಆಶ್ಚರ್ಯವಾಗಲಿಲ್ಲ.

ಖಾಲಿ ಕಾರ್ಡು ಮೂರು ಇಟ್ಟಿದ್ದೇನೆ. ಹಾಳು ಮಾಡಬೇಡ.

ಇತಿ,
ಪ್ರಧಾನ ಸಂಪಾದಕ

೨೪ ಜನವರಿ

ಅಪ್ಪನಿಗೆ,

ಕಾಗದ ತಲುಪಿತು. ಮಗಳಿಗೆ ಎಂದು ಶುರು ಮಾಡಿ, ಬದುಕಿದ್ದೀಯಾ ಎಂದು ಕೂಡ ಕೇಳದೆ ಎರಡು ಪುಟ ತುಂಬಿಸುವುದು ಎಲ್ಲರ ಕೈಯಲ್ಲೂ ಆಗುವ ಕೆಲಸವಲ್ಲ. ಬದುಕಿದ್ದೇನೆ.

ನಾನು ನಟಿಯಲ್ಲ. ರಂಗದ ವ್ಯವಸ್ಥೆ ನೋಡಿಕೊಳ್ಳುವವಳು. ಪರದೆಯ ಪಕ್ಕದ ಕತ್ತಲೆಯಲ್ಲಿ ಒಂದು ಸ್ಟೂಲು, ನೀಲಿ ಕಾಗದ ಸುತ್ತಿದ ಸಣ್ಣ ದೀಪ, ತೊಡೆಯ ಮೇಲೆ ನಾಟಕದ ಪ್ರತಿ. ಯಾರು ಯಾವ ಮಾತಿಗೆ ಒಳಗೆ ಹೋಗಬೇಕೋ ಆ ಮಾತಿಗೆ ಅವರ ಭುಜ ತಟ್ಟಿ ಕಳಿಸುವುದು ನನ್ನ ಕೆಲಸ. ಅರ್ಧ ಕ್ಷಣ ಮೊದಲು ತಟ್ಟಿದರೂ ಕೆಟ್ಟಿತು, ಅರ್ಧ ಕ್ಷಣ ತಡವಾದರೂ ಕೆಟ್ಟಿತು. ನಿಮ್ಮ ಕಚೇರಿಯಲ್ಲಿ ಮೂವತ್ತೊಂದು ವರ್ಷದಲ್ಲಿ ಯಾವುದಾದರೂ ಕೆಲಸ ಹೇಳಿದ ಹೊತ್ತಿಗೆ ಆಗಿದ್ದರೆ ತಿಳಿಸಿ.

ಕಾರ್ಡುಗಳು ಇಲ್ಲಿವೆ.

ಮೊದಲನೆಯದು: "ನನ್ನ ಎಂಟ್ರಿಗೆ ಚಪ್ಪಾಳೆ ಬರ್ಲಿಲ್ಲ ಅಂದ್ರೆ ತಪ್ಪು ಲೈಟಿನವಂದು." ಹೇಳಿದವರು ಮುಖ್ಯ ನಟ, ಮೇಕಪ್ ಕೋಣೆಯಲ್ಲಿ. ಅಂಗೈಯಗಲದ ಸಹಿ ಹಾಕಿ, ಇದು ಯಾವ ಪತ್ರಿಕೆಗೆ ಎಂದು ಕೇಳಿದರು.

ಎರಡನೆಯದು: "ಎಂಟ್ರಿ ತಪ್ಪಿದ್ರೆ ಹೇಗೋ ಬಚಾವಾಗಬಹುದು, ಎಕ್ಸಿಟ್ ತಪ್ಪಿದ್ರೆ ಮುಗೀತು ಕಥೆ." ಹೇಳಿದವರು ಹಿರಿಯ ನಟಿ, ಹಿಂಬಾಗಿಲ ಮೆಟ್ಟಿಲ ಮೇಲೆ, ಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತ.

ಮೂರನೆಯದು: "ನಂದಿಡೀ ನಾಟಕದಲ್ಲಿ ಒಂದೇ ಎಂಟ್ರಿ, ಅದೂ ಹೆಣವಾಗಿ." ಹೇಳಿದವರು ನಮ್ಮ ಬಡಗಿ. ಹೆಣಕ್ಕೆ ಬೇರೆ ನಟನನ್ನು ಇಟ್ಟುಕೊಳ್ಳುವ ಶಕ್ತಿ ಕಂಪನಿಗಿಲ್ಲ.

ಮೂವರೂ ಇದ್ದಾರೆ, ಮೂವರೂ ಹೇಳಿದ್ದಾರೆ, ಮೂವರದೂ ಸಹಿ. ನಾನು ಆ ನಲವತ್ತು ಕಾರ್ಡು ಬರೆದದ್ದು ತಪ್ಪು. ಇಪ್ಪತ್ತಮೂರು ವರ್ಷದವಳಿಗೆ ಬೇಸರವಾಗಿತ್ತು, ಕೆಟ್ಟ ಕೆಲಸ ಮಾಡಿದಳು. ಇದನ್ನು ಅಂದೂ ಹೇಳಿದ್ದೆ. ನೀವು ಕಾರ್ಡಿಲ್ಲದ ಮಾತು ಕೇಳುವವರಲ್ಲ.

ಇತಿ,
ರಂಗ ವ್ಯವಸ್ಥಾಪಕಿ

೧೬ ಫೆಬ್ರವರಿ

ಮಗಳಿಗೆ,

ಮೂರು ಕಾರ್ಡುಗಳೂ ಬಂದವು. ಬಡಗಿಯ ಕಾರ್ಡಿನ ಮೇಲೆ ನನಗೆ ಅನುಮಾನ ಬಂತು. ಬಡಗಿ ಅಷ್ಟು ಚೊಕ್ಕವಾಗಿ ಮಾತಾಡಿದ ಎಂದರೆ ನಂಬುವುದು ಹೇಗೆ? ನಮ್ಮಲ್ಲಿ ಕರಡು ತಿದ್ದುವಾಕೆ ನಿಮ್ಮ ಕಂಪನಿಗೆ ಫೋನ್ ಮಾಡಿ ಆತನನ್ನೇ ವಿಚಾರಿಸಿದಳು. "ಹೌದಮ್ಮಾ ನಾನೇ ಹೇಳಿದ್ದು, ಏನೀಗ?" ಎಂದನಂತೆ. ಅಷ್ಟರ ಮಟ್ಟಿಗೆ ನೀನು ಸುಧಾರಿಸಿದ್ದೀಯೆ ಎಂದು ಬರೆದುಕೊಂಡಿದ್ದೇನೆ.

ನಿಮ್ಮ ಮುಖ್ಯ ನಟನ ಸಹಿ ಕಾರ್ಡಿನ ಅಂಚು ದಾಟಿ ಹೋಗಿದೆ. ಇಂಥವರಿಗೆ ಭುಜ ತಟ್ಟುವ ಕೆಲಸಕ್ಕಾಗಿ ನೀನು ಕೋಶ ಬಿಟ್ಟೆ. ನಾನು ಈ ಕುರ್ಚಿಯಿಂದ ಎದ್ದ ಮೇಲೆ ಇಲ್ಲಿ ಕೂರಬೇಕಾಗಿದ್ದವಳು ನೀನು. ಈಗ ಮೇಷ್ಟರು ಅದರ ಮೇಲೆ ಕಣ್ಣಿಟ್ಟಿದ್ದಾರೆ. ಆತನಿಗೆ ಅಕಾರಾದಿ ಕ್ರಮವೇ ನೆಟ್ಟಗೆ ಬರುವುದಿಲ್ಲ.

ಪದದ ಕರಡು ಅಚ್ಚನ್ನು ಇದರೊಂದಿಗೆ ಕಳಿಸಿದ್ದಾರೆ. ಕಳಿಸುವುದು ಬೇಡವೆಂದೆ, ಮಾಹಿತಿ ಕೊಟ್ಟವರಿಗೆ ತೋರಿಸುವುದು ಪದ್ಧತಿ ಎಂದು ಕರಡಿನಾಕೆ ನನಗೇ ಪಾಠ ಹೇಳಿದಳು. ಐದು ಅರ್ಥ ಕೊಟ್ಟಿದ್ದೇವೆ. ಒಳಬರುವ ದಾರಿ ಮೊದಲನೆಯದು. ಒಳಬರಲು ಇರುವ ಹಕ್ಕು ಅಥವಾ ಅನುಮತಿ ಎರಡನೆಯದು. ಸ್ಪರ್ಧೆಗೆ ಕಳಿಸಿದ ಚಿತ್ರ, ಬರಹ ಇತ್ಯಾದಿ ಮೂರನೆಯದು. ರಂಗದ ಮೇಲೆ ಪಾತ್ರ ಕಾಣಿಸಿಕೊಳ್ಳುವುದು ನಾಲ್ಕನೆಯದು. ಕೋಶದಲ್ಲಿ ಒಂದು ಪದಕ್ಕೆ ಸಿಗುವ ಜಾಗ ಐದನೆಯದು. ನೀನು ನೋಡಬೇಕಾದ್ದು ನಾಲ್ಕನೆಯದನ್ನು ಮಾತ್ರ. ಉಳಿದವಕ್ಕೆ ಕೈ ಹಾಕುವ ಅಗತ್ಯವಿಲ್ಲ, ಓದುವ ಅಗತ್ಯವೂ ಇಲ್ಲ.

ಇತಿ,
ಪ್ರಧಾನ ಸಂಪಾದಕ

೩ ಮಾರ್ಚ್

ಅಪ್ಪನಿಗೆ,

ನಾಲ್ಕನೆಯ ಅರ್ಥ ಸರಿಯಾಗಿದೆ. ಓದಬೇಡ ಎಂದದ್ದರಿಂದ ಎರಡನೆಯದನ್ನೂ ಓದಿದೆ. ಅಲ್ಲಿ ಹೀಗೆ ಅಚ್ಚಾಗಿದೆ:

"ಅವಳಿಗೆ ಈ ಮನೆಗೆ ಎಂಟ್ರಿ ಇಲ್ಲ." (ಗೃಹಿಣಿ)

ನಿಮ್ಮ ಕೋಶದಲ್ಲಿ ಗೃಹಿಣಿ ಎಂದರೆ ಯಾರು ಎಂದು ನನಗೆ ಗೊತ್ತು. ಆ ಕೋಶದ ಅರ್ಧ ಅಡುಗೆಮನೆ ನನ್ನ ಅಮ್ಮ. ಕುಕ್ಕರ್, ಮಿಕ್ಸಿ, ಟೈಮು, ಟೆನ್ಷನ್, ಎಲ್ಲದರ ಕಾರ್ಡಿನಲ್ಲೂ ಗೃಹಿಣಿ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಸಹಿ ಹಾಕ್ದೆ ಒಂದ್ ಮಾತಾಡೋ ಹಾಗಿಲ್ಲ ಈ ಮನೇಲಿ" ಎಂದು ಗೊಣಗುತ್ತ ಸಹಿ ಹಾಕುತ್ತಿದ್ದವಳು. ಆ ಗೊಣಗಾಟವನ್ನೂ ನೀವು ಇನ್ನೊಂದು ಕಾರ್ಡಿಗೆ ಬರೆದುಕೊಂಡು ಅದಕ್ಕೂ ಸಹಿ ಹಾಕಿಸಿಕೊಂಡಿರಿ.

ಈ ವಾಕ್ಯ ನನಗೆ ಹೊಸದಲ್ಲ. ಮೂರು ವರ್ಷದ ಹಿಂದೆ, ಮೇ ಎಂಟನೇ ತಾರೀಖು, ಅಮ್ಮ ಆಸ್ಪತ್ರೆಯಲ್ಲಿದ್ದಾಳೆ ಎಂದು ಪಕ್ಕದ ಅಂಗಡಿಯ ದರ್ಜಿ ಫೋನ್ ಮಾಡಿದ. ನೀವು ಫೋನ್ ಎತ್ತುವುದಿಲ್ಲ. ಬರಲೇ ಎಂದು ಮಾರನೆಯ ದಿನವೇ ನಿಮಗೆ ಕಾಗದ ಹಾಕಿದೆ. ನಿಮ್ಮ ಉತ್ತರದಲ್ಲಿ ಇದ್ದದ್ದು ಎರಡೇ ಸಾಲು. "ಬರಬೇಡ. 'ಅವಳಿಗೆ ಈ ಮನೆಗೆ ಎಂಟ್ರಿ ಇಲ್ಲ' ಎಂದು ನಿನ್ನ ತಾಯಿ ಹೇಳಿದ್ದಾಳೆ." ಅದಾದ ಮೇಲೆ ಬಂದದ್ದು, ಎಲ್ಲ ಮುಗಿಯಿತು ಎಂಬ ಕಾಗದ.

ಅದಕ್ಕೆ ಎರಡು ತಿಂಗಳ ಮೊದಲು ಅಮ್ಮ ದರ್ಜಿಯ ಅಂಗಡಿಯಿಂದ ಫೋನ್ ಮಾಡಿದ್ದಳು, ತಿಂಗಳಿಗೊಮ್ಮೆ ಮಾಡುತ್ತಿದ್ದ ಹಾಗೆ. "ಒಂದ್ ಸಲ ಬಂದು ಅಪ್ಪನ ಹತ್ರ ತಪ್ಪಾಯ್ತು ಅಂದ್ಬಿಡೇ, ನಿನ್ ಗಂಟೇನು ಹೋಗುತ್ತೆ" ಎಂದಳು. ಎಷ್ಟು ಸಲ ಹೇಳಲಿ, ನಿನ್ನ ಗಂಡನ ಕಾಲು ಹಿಡಿಯೋಕೆ ನಾನು ಬರಲ್ಲ ಎಂದು ಫೋನ್ ಕುಕ್ಕಿದೆ. ಆಮೇಲೆ ಅವಳ ಫೋನ್ ಬರಲಿಲ್ಲ. ಹಾಗಾಗಿ ನಿಮ್ಮ ವಾಕ್ಯ ಓದಿದಾಗ ಅವಳ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡೆ. ನಂಬಿದೆ. ಯಾಕೆ ನಂಬಿದೆ ಎಂದು ಹೇಳುತ್ತೇನೆ, ನಿಮಗೆ ಹಿತವಾಗಬಹುದು. ನೀವು ಮಗಳನ್ನು ಹೊರಹಾಕುವವರು, ಹೆಂಡತಿಯ ಜೊತೆ ವಾರಗಟ್ಟಲೆ ಮಾತು ಬಿಡುವವರು, ಆದರೆ ಯಾರೂ ಹೇಳದ ಮಾತನ್ನು ಹೇಳಿದರು ಎಂದು ಬರೆಯುವವರಲ್ಲ. ಆ ಒಂದು ವಿಷಯದಲ್ಲಿ ನಾನು ನಿಮ್ಮ ಕಾಲಿನ ಧೂಳಿಗೂ ಸಮನಲ್ಲ ಎಂದುಕೊಂಡಿದ್ದೆ. ಹಾಗಾಗಿ ಅಮ್ಮ ಸಾಯುವಾಗ ನಾನು ಬರಲಿಲ್ಲ.

ನನಗೆ ಆ ಕಾರ್ಡು ಬೇಕು. ಅಮ್ಮ ಅದನ್ನು ಹೇಳಿದಳೋ ಇಲ್ಲವೋ, ಅಷ್ಟೇ ನನಗೆ ಬೇಕಾದದ್ದು. ಅಸಲನ್ನೇ ಕಳಿಸಿ ಎನ್ನುವುದಿಲ್ಲ, ಜೆರಾಕ್ಸ್ ಸಾಕು. ಅವಳ ಸಹಿ ಕಾಣುವ ಹಾಗೆ.

ಇತಿ,
ಮಗಳು

೨೮ ಮಾರ್ಚ್

ಮಗಳಿಗೆ,

ನಾಟಕದ ಸಹವಾಸ ನಿನ್ನ ಕಾಗದದಲ್ಲಿ ಎದ್ದು ಕಾಣುತ್ತದೆ. ಒಂದು ಉದಾಹರಣೆಯ ವಾಕ್ಯಕ್ಕೆ ಮೂರು ಪುಟ ಗೋಳು.

ಕಾರ್ಡುಗಳು ಕಚೇರಿಯಿಂದ ಹೊರಗೆ ಹೋಗುವುದಿಲ್ಲ. ಜೆರಾಕ್ಸ್ ಯಂತ್ರ ಕೆಟ್ಟಿದೆ. ಅದನ್ನು ಸರಿಮಾಡುವವನು ಬಂದು, ಬಿಚ್ಚಿ, ಟೀ ಕುಡಿದು, ಹಾಗೇ ಬಿಟ್ಟು ಹೋಗಿದ್ದಾನೆ. ಮೇಲಾಗಿ, ಈ ಕೋಶದಲ್ಲಿ ಅರುವತ್ತೆಂಟು ಸಾವಿರ ಕಾರ್ಡುಗಳಿವೆ. ಪ್ರತಿಯೊಬ್ಬ ಹಾಲಿನವನ ಮಗಳೂ ಬಂದು ನಮ್ಮಪ್ಪನ ಕಾರ್ಡು ತೋರಿಸಿ ಎಂದರೆ ನಾವು ಅಂಗಡಿ ಮುಚ್ಚಬೇಕಾಗುತ್ತದೆ.

ಅರ್ಥಕ್ಕೆ ತಕ್ಕ ವಾಕ್ಯ ಅದು. ಅದನ್ನು ಆರಿಸಿದವನು ನಾನಲ್ಲ, ಸಹಾಯಕರು. ಚಿಕ್ಕದಾಗಿದೆ, ಸ್ಪಷ್ಟವಾಗಿದೆ ಎಂದು ಸಮಿತಿಯ ಮೂವರೂ ಮೆಚ್ಚಿದರು, ಬಿಸ್ಕತ್ತಿನವರು ಕೂಡ. ಕಾರ್ಡು ಪೆಟ್ಟಿಗೆಯಲ್ಲಿ ತನ್ನ ಜಾಗದಲ್ಲಿ ಇದೆ. ಅನುಮಾನವಿದ್ದರೆ ವಿವರವನ್ನೂ ಕೊಡುತ್ತೇನೆ: ಕಸುಬು ಗೃಹಿಣಿ, ಜಾಗ ಆಸ್ಪತ್ರೆ, ತಾರೀಖು ಮೇ ಹದಿನಾಲ್ಕು. ಇನ್ನು ಈ ವಿಷಯ ಇಲ್ಲಿಗೆ ಸಾಕು.

ಇತಿ,
ಪ್ರಧಾನ ಸಂಪಾದಕ

೪ ಏಪ್ರಿಲ್

ಅಪ್ಪನಿಗೆ,

ಮೇ ಹದಿಮೂರನೇ ತಾರೀಖು ನಾನು ವಾರ್ಡಿಗೆ ಫೋನ್ ಮಾಡಿದ್ದೆ. ನಿಮಗೆ ಗೊತ್ತಿಲ್ಲ, ಹೇಳುವಂಥ ಸಂದರ್ಭ ಬರಲಿಲ್ಲ. ಅಮ್ಮನ ಹತ್ತಿರ ಎರಡು ಮಾತಾಡಬಹುದೇ ಎಂದು ಕೇಳಿದೆ. ನರ್ಸು ಹೇಳಿದ್ದು ಇಷ್ಟು: "ಅವರಿಗೆ ಮಾತಾಡೋಕಾಗಲ್ಲ ಕಣಮ್ಮ. ಒಂಬತ್ತನೇ ತಾರೀಖಿಂದ ಗಂಟಲಿಗೆ ಟ್ಯೂಬ್ ಹಾಕಿದೀವಿ."

ಆ ಟ್ಯೂಬನ್ನು ತೆಗೆಯಲೇ ಇಲ್ಲ, ಅಲ್ಲವೇ? ನಿಮ್ಮ ಕಾಗದದಲ್ಲಿ ಆ ಮಾತಿಗೆ ತಾರೀಖು ಇರಲಿಲ್ಲ. ಒಂಬತ್ತಕ್ಕೆ ಮೊದಲು ಹೇಳಿದ್ದಾಳೆ ಎಂದು ಈ ಮೂರು ವರ್ಷ ನಾನಾಗಿ ತಿಳಿದುಕೊಂಡಿದ್ದೆ.

ಹದಿನಾಲ್ಕನೇ ತಾರೀಖು ಬಾಯಿ ಬಿಡಲಾಗದವಳು ಆ ಮಾತು ಹೇಗೆ ಹೇಳಿದಳು? ಸುಳ್ಳು ಬರೆಯುವಾಗಲೂ ತಾರೀಖು ಮಾತ್ರ ಸರಿಯಾಗಿ ಹಾಕಿದ್ದೀರಿ. ನಾನು ನಲವತ್ತು ಬರೆದು ಸಿಕ್ಕಿಬಿದ್ದೆ, ನೀವು ಒಂದೇ ಒಂದು ಬರೆದು ಸಿಕ್ಕಿಬಿದ್ದಿರಿ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ.

ನನಗೆ ತಿಳಿಯಬೇಕಾದ್ದು ಒಂದೇ. ಅದರ ಮೇಲೆ ಅವಳ ಸಹಿ ಇದೆಯೋ ಇಲ್ಲವೋ?

ಮಗಳು

೧೮ ಮೇ

ಅಪ್ಪನಿಗೆ,

ಆರು ವಾರ ಕಳೆಯಿತು. ನಿಮ್ಮ ಕರಡಿನಾಕೆಗೆ ಫೋನ್ ಮಾಡಿದ್ದೆ. "ಯಜಮಾನ್ರು ಕಚೇರಿಗೆ ದಿನಾ ಬರ್ತಾರೆ, ಕಾರ್ಡಿನ ಪೆಟ್ಟಿಗೆ ಬೀಗದ ಕೈ ಅವರ ಜೇಬಲ್ಲೇ ಇರುತ್ತೆ, ಯಾರಿಗೂ ಕೊಡಲ್ಲ" ಎಂದಳು. ಜೆರಾಕ್ಸ್ ಯಂತ್ರ ಕೆಟ್ಟೇ ಇಲ್ಲವಂತೆ, ಪಾಪ.

ಜೂನ್ ಹದಿನೈದರೊಳಗೆ ಉತ್ತರ ಬಾರದಿದ್ದರೆ ನಿಮ್ಮ ಮೂರು ಜನರ ಸಮಿತಿಗೆ ಬರೆಯುತ್ತೇನೆ. ಬಿಸ್ಕತ್ತಿನವರಿಗೆ ಮೊದಲು.

ಮಗಳು

೧೧ ಜೂನ್

ಮಗಳಿಗೆ,

ಸಹಿ ಇಲ್ಲ.

ಇದನ್ನು ಬರೆಯಲು ಇಷ್ಟು ದಿನ ಹಿಡಿಯಿತು. ಯಾರೆದುರೂ ತಲೆ ತಗ್ಗಿಸಿ ನನಗೆ ರೂಢಿಯಿಲ್ಲ, ಕುತ್ತಿಗೆ ನೋಯುತ್ತದೆ. ಸಮಿತಿಗೆ ಹೆದರಿ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಆ ಮೂವರಲ್ಲಿ ನಾನು ಹೆದರುವಂಥ ಪ್ರಾಣಿ ಇಲ್ಲ.

ನಿನಗೆ ಬರೆದ ಆ ಮಾತು ನನ್ನದು. ಅವಳದಲ್ಲ. ಕಾಗದ ಅಂಚೆಗೆ ಹಾಕಿ ಬಂದು ವಾರ್ಡಿನ ಬೆಂಚಿನ ಮೇಲೆ ಕೂತೆ. ಈ ಮೂವತ್ತೊಂದು ವರ್ಷದಲ್ಲಿ ನಾನು ಇನ್ನೊಬ್ಬರ ಬಾಯಿಗೆ ಹಾಕಿ ಬರೆದ ಮೊದಲ ಮಾತು ಅದು. ಅದಕ್ಕೊಂದು ಕಾರ್ಡು ಇದ್ದರೆ ಅದು ನಿಜವಾಗಿಬಿಡುತ್ತದೆ ಎನ್ನಿಸಿತು. ಜೇಬಿನಿಂದ ಕಾರ್ಡು ತೆಗೆದು ಬರೆದೆ. ತಾರೀಖು ಹಾಕಿದೆ, ಯಾಕೆಂದರೆ ತಾರೀಖು ಹಾಕದೆ ನನ್ನ ಕೈಗೆ ಬರೆಯಲು ಬರುವುದಿಲ್ಲ. ಸಹಿಗೆ ಅವಳ ಕೈ ಹಿಡಿದು ಗೀಚಿಸಬಹುದಾಗಿತ್ತು. ಅಷ್ಟು ನೀಚನಾಗಲಿಲ್ಲ. ಸಹಿಯ ಜಾಗ ಖಾಲಿ ಬಿಟ್ಟು ಪೆಟ್ಟಿಗೆಯಲ್ಲಿ ಇಟ್ಟೆ. ಮೂರು ವರ್ಷದ ಮೇಲೆ ನನ್ನ ದಡ್ಡ ಸಹಾಯಕರು ಅದನ್ನೇ ಎತ್ತಿಕೊಂಡರು. ಸಹಿ ನೋಡುವ ಕೆಲಸ ನನ್ನದು. ಬೇಡವೆಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಸುಮ್ಮನಿದ್ದೆ.

ಯಾಕೆ ಮಾಡಿದೆ ಎಂದು ನೀನು ಕೇಳುತ್ತೀಯೆ. ಇದರೊಂದಿಗೆ ಇಟ್ಟಿರುವ ಕಾರ್ಡು ನೋಡು. ಇದು ಅಸಲು. ನಕಲು ತೆಗೆದಿಲ್ಲ.

ಮೇ ಆರನೇ ತಾರೀಖು ವಾರ್ಡಿನ ಬಾಗಿಲು ಕಾಯುವಾತ ಪಾಸು ನೋಡಲು ಒಳಗೆ ಬಂದ. ಒಬ್ಬ ರೋಗಿಗೆ ಒಂದೇ ಪಾಸು, ಅದು ನನ್ನ ಹತ್ತಿರ ಇತ್ತು. ನಿನ್ನ ಅಮ್ಮ ಆತನನ್ನು ಹತ್ತಿರ ಕರೆದಳು. "ನೋಡಪ್ಪಾ, ನನ್ ಮಗಳು ಬರ್ತಾಳೆ. ಉದ್ದಕ್ಕಿದಾಳೆ, ದಡದಡ ನಡೀತಾಳೆ. ಪಾಸು ಗೀಸು ಅಂತ ಅವಳನ್ನ ಬಾಗಿಲಲ್ಲಿ ನಿಲ್ಲಿಸ್ಬೇಡ. ಅವಳಿಗೆ ಡೈರೆಕ್ಟ್ ಎಂಟ್ರಿ" ಎಂದಳು. ಆತ ನಗುತ್ತ ಆಯ್ತಮ್ಮ ಎಂದ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು, ಕಾರ್ಡು ತೆಗೆದು ಕೊನೆಯ ಮಾತು ಬರೆದುಕೊಂಡೆ. ಅವಳು ನೋಡಿಬಿಟ್ಟಳು. "ಇದನ್ನೂ ಬಿಡ್ಲಿಲ್ವಾ? ಕೊಡಿ ಇಲ್ಲಿ" ಎಂದು ಸಹಿ ಹಾಕಿದಳು. ಅಕ್ಷರ ಅಲುಗಿದೆ, ಆದರೆ ಅವಳದೇ. ಪೆನ್ನು ವಾಪಸ್ ಕೊಡುತ್ತ, "ಬರ್ಕೊಂಡಿದ್ದಾಯ್ತಲ್ಲ, ಈಗ ಅವಳಿಗೊಂದು ಫೋನ್ ಮಾಡಿ" ಎಂದಳು. ಮಾಡ್ತೀನಿ ಎಂದೆ. ಮಾಡಲಿಲ್ಲ.

ಆ ಮೂರು ದಿನ, ಮಾತು ನಿಲ್ಲುವ ತನಕ, ಅವಳು ಕೇಳಿದ್ದು ನಿನ್ನನ್ನೇ. ಫೋನ್ ಮಾಡಿದ್ರಾ? ಏನಂದ್ಲು? ಯಾವ ಗಾಡೀಲಿ ಬರ್ತಾಳಂತೆ? ಅವಳ ಪಕ್ಕದಲ್ಲಿ ಊಟ ನಿದ್ದೆ ಬಿಟ್ಟು ಕೂತವನು ನಾನು. ಅವಳ ಕಣ್ಣು ಬಾಗಿಲ ಮೇಲೆ. ನನಗೆ ಹೊಟ್ಟೆ ಉರಿಯಿತು. ಅದಕ್ಕಿಂತ ದೊಡ್ಡ ಕಾರಣ ಇದೆಯೇ ಎಂದು ಈ ಎರಡು ತಿಂಗಳು ಹುಡುಕಿದೆ. ಇಲ್ಲ.

ಆ ವಾಕ್ಯವನ್ನು ಸದ್ದಿಲ್ಲದೆ ತೆಗೆಸಿಹಾಕುತ್ತೇನೆ. ಎರಡನೆಯ ಅರ್ಥಕ್ಕೆ ಬೇರೆ ಉದಾಹರಣೆಗಳಿವೆ. ಸಮಿತಿಗೆ ಬರೆಯಬೇಡ. ನನಗೆ ಉಳಿದಿರುವುದು ಈ ಕೋಶವೊಂದೇ. ನೀನು ಒಮ್ಮೆ ಮನೆಗೆ ಬಾ.

ಅಪ್ಪ

೭ ಜುಲೈ

ಅಪ್ಪನಿಗೆ,

ಕಾರ್ಡು ತಲುಪಿತು. ಅದನ್ನು ವಾಪಸ್ ಕಳಿಸುವುದಿಲ್ಲ. ಕಾರ್ಡು ಕಚೇರಿಯಲ್ಲಿ ಇಲ್ಲದ ಮೇಲೆ ನಿಮ್ಮ ನಿಯಮದ ಪ್ರಕಾರ ಅಮ್ಮನ ಆ ಮಾತನ್ನು ನೀವು ಅಚ್ಚು ಹಾಕುವ ಹಾಗಿಲ್ಲ. ಬೇಕಾಗಿಯೂ ಇಲ್ಲ. ಅದು ಅವಳು ಹೇಳಿದ್ದು ನನಗಾಗಿ, ಕಾಲೇಜಿನ ಮೇಷ್ಟರು ಓದಲೆಂದಲ್ಲ.

ಸದ್ದಿಲ್ಲದೆ ತೆಗೆಸುತ್ತೇನೆ ಎಂದಿದ್ದೀರಿ. ತೆಗೆಸಬೇಡಿ. ಆ ವಾಕ್ಯ ಹಾಗೇ ಇರಲಿ. ಗೃಹಿಣಿ ಎಂಬುದನ್ನು ಹೊಡೆದುಹಾಕಿ ಪ್ರಧಾನ ಸಂಪಾದಕ ಎಂದು ಹಾಕಿಸಿ, ಖಾಲಿ ಬಿಟ್ಟ ಜಾಗದಲ್ಲಿ ನಿಮ್ಮ ಸಹಿ ಹಾಕಿ, ಸಮಿತಿಯವರ ಎದುರಿಗೇ ಹಾಕಿ. ಯಾಕೆ ಎಂದು ಕೇಳಿದರೆ ಹೇಳಿ. ಅಚ್ಚಾದ ಪುಟವನ್ನು ಕರಡಿನಾಕೆ ನನಗೆ ಕಳಿಸುತ್ತಾಳೆ, ಮಾಹಿತಿ ಕೊಟ್ಟವರಿಗೆ ತೋರಿಸುವುದು ಪದ್ಧತಿಯಂತೆ. ಅಲ್ಲಿ ಬೇರೆ ಏನಾದರೂ ಕಂಡರೆ ನಾನು ಸಮಿತಿಗೆ ಬರೆಯುತ್ತೇನೆ. ನಿಮಗೆ ಉಳಿದಿರುವುದು ಕೋಶವೊಂದೇ ಎಂದು ಅಳುತ್ತೀರಿ. ಆ ವಾರ ನಿಮಗೆ ಹೆಂಡತಿ ಇದ್ದಳು, ಕರೆದರೆ ಮಗಳೂ ಇದ್ದಳು. ಎರಡನ್ನೂ ಒಂದು ಕಾರ್ಡಿಗೆ ಮಾರಿಕೊಂಡವರು ನೀವು. ನಿಮ್ಮ ಮೇಲೆ ಸಿಟ್ಟು ಕೂಡ ಬರುತ್ತಿಲ್ಲ, ಅಸಹ್ಯವಾಗುತ್ತಿದೆ.

ಮೊನ್ನೆ ಸೋಮವಾರ ನಾಟಕ ಇರಲಿಲ್ಲ. ನಿಮ್ಮ ಊರಿಗೆ ಬಂದಿದ್ದೆ. ಆಸ್ಪತ್ರೆಗೆ ಹೋದೆ. ವಾರ್ಡಿನ ಬಾಗಿಲಲ್ಲಿ ಒಬ್ಬಾತ ಪಾಸುಗಳಿಗೆ ತೂತು ಹೊಡೆಯುತ್ತ ಕೂತಿದ್ದ. ಮೂರು ವರ್ಷದ ಹಿಂದೆಯೂ ಇಲ್ಲೇ ಇದ್ದಿರಾ ಎಂದು ಕೇಳಿದೆ. ಹನ್ನೊಂದು ವರ್ಷದಿಂದ ಇಲ್ಲೇ ಎಂದ. ಅಮ್ಮನ ವಿಷಯ ಕೇಳಿದೆ, ಯಾರೋ ಪರಿಚಯದವರ ವಿಷಯ ಎಂಬಂತೆ.

"ನಾಲ್ಕನೇ ಬೆಡ್ಡಿನ ಅಮ್ಮ ಅಲ್ವಾ? ಆಡಿದ ಮಾತಿಗೆಲ್ಲ ಗಂಡನ ಚೀಟೀಲಿ ಸಹಿ ಹಾಕ್ತಿದ್ರು, ಅವರೇ ತಾನೇ?" ಎಂದು ನಕ್ಕ. "ಮರೆಯೋದು ಹೇಗೆ? ಮಗಳು ಬರ್ತಾಳೆ, ನಿಲ್ಲಿಸ್ಬೇಡ ಅಂದಿದ್ರು. ಉದ್ದಕ್ಕಿರೋ ಹೆಂಗಸರು ಯಾರೇ ಬರ್ಲಿ, ನೀವೇನಾ ನಾಲ್ಕನೇ ಬೆಡ್ಡಿನ ಮಗಳು, ನೀವೇನಾ ಅಂತ ಎರಡು ವಾರ ಕೇಳಿದೀನಿ. ಒಬ್ಬರ ಹತ್ರ ಬೈಸ್ಕೊಂಡೂ ಇದೀನಿ. ಟ್ಯೂಬ್ ಹಾಕಿದ್ಮೇಲೂ ನಾನು ಆ ಕಡೆ ಹೋದಾಗ ಕಣ್ಣಲ್ಲೇ ಕೇಳೋರು. ನಾನು ಇನ್ನೂ ಇಲ್ಲಮ್ಮ ಅಂತ ಕೈ ಆಡಿಸ್ತಿದ್ದೆ."

ಆತ ಇನ್ನೆರಡು ಪಾಸುಗಳಿಗೆ ತೂತು ಹೊಡೆದ.

"ಆಮೇಲೆ ಬಂದ್ಲಂತಾ ಆ ಮಗಳು?"

"ಇಲ್ಲ. ಅವರಪ್ಪ ಬರೋಕೆ ಬಿಡ್ಲಿಲ್ಲ" ಎಂದೆ.

ಆತ ತಲೆಯೆತ್ತಿ ನನ್ನ ಕಾಲಿನಿಂದ ತಲೆಯವರೆಗೆ ಒಂದು ಸಲ ನೋಡಿದ. ನಿಧಾನವಾಗಿ ಎದ್ದು ನಿಂತ. ಭೇಟಿಯ ಹೊತ್ತು ಮುಗಿದಿತ್ತು, ನನ್ನ ಕೈಯಲ್ಲಿ ಪಾಸೂ ಇರಲಿಲ್ಲ. ಬಾಗಿಲನ್ನು ಒಳಕ್ಕೆ ತಳ್ಳಿ ಹಿಡಿದುಕೊಂಡು, "ಹೋಗಮ್ಮ" ಎಂದ.

ಹೋದೆ. ನಾಲ್ಕನೇ ಹಾಸಿಗೆ ಕಿಟಕಿಯ ಪಕ್ಕ ಇದೆ. ಅಲ್ಲಿಂದ ಬಾಗಿಲು ನೇರವಾಗಿ ಕಾಣುತ್ತದೆ. ಹಾಸಿಗೆಯ ಮೇಲೆ ಯಾರೋ ವಯಸ್ಸಾದ ಹೆಂಗಸು ದಿಂಬಿಗೆ ಒರಗಿ ಕೂತಿದ್ದರು. ನಾನು ಬರುವುದನ್ನು ಬಾಗಿಲಿನಿಂದಲೇ ನೋಡುತ್ತಿದ್ದವರು, ಹತ್ತಿರ ಬಂದ ಮೇಲೆ, "ಯಾರು ಬೇಕಾಗಿತ್ತಮ್ಮ?" ಎಂದು ಕೇಳಿದರು.

ಅಮ್ಮ ಎಂದು ಬಾಯಿಗೆ ಬಂದಿತ್ತು. ತಪ್ಪಿ ಬಂದೆ ಎಂದು ಹೇಳಿ ಹೊರಗೆ ಬಂದೆ.

ಅಲ್ಲಿಂದ ನಿಮ್ಮ ಮನೆಗೆ ನಡೆದರೆ ಹತ್ತು ನಿಮಿಷ. ಆ ಕಡೆಗೆ ಹೋಗಲಿಲ್ಲ, ಇನ್ನು ಹೋಗುವುದೂ ಇಲ್ಲ.

ಇತಿ,
ಗೃಹಿಣಿಯ ಮಗಳು